ಹೋಗನ್ ಗೆಲುವಿನಲ್ಲಿ ಸೋತವರ ಪಾಲು

ಸಂಪಾದಕರಿಗೆ,

ಮಾನ್ಯರೆ,

ಅಮೆರಿಕದ ವೃತ್ತಿಪರ ಕುಸ್ತಿಯ ತಾರೆ ಹಲ್ಕ್ ಹೋಗನ್ 2025ರ ಜುಲೈ 24ರಂದು ಫ್ಲಾರಿಡಾದಲ್ಲಿ ತೀರಿಕೊಂಡ ಬಳಿಕ ತಮ್ಮ ವಾರದ ಪುರವಣಿಯಲ್ಲಿ ಬಂದ ದೀರ್ಘ ಲೇಖನವನ್ನೂ, ಮೊದಲೇ ಗೊತ್ತುಮಾಡಿಕೊಂಡ ನಾಟಕವೊಂದಕ್ಕೆ ಪತ್ರಿಕೆ ಇಷ್ಟು ಜಾಗ ಕೊಡಬೇಕಿತ್ತೇ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಆಕ್ಷೇಪಿಸಿ ಬರೆದ ಪತ್ರವನ್ನೂ ಓದಿದೆ. ಪರಸ್ಪರ ವಿರುದ್ಧವಾಗಿ ಕಾಣುವ ಈ ಎರಡೂ ಬರಹಗಳಲ್ಲಿ ನನಗೆ ಒಂದೇ ಕೊರತೆ ಕಂಡಿತು. ಲೇಖನ ಗೆದ್ದವನ ಕಡೆಗೆ ಮಾತ್ರ ನೋಡಿತು. ಪತ್ರ ಬರೆದವರಾದರೋ ಫಲಿತಾಂಶ ಮೊದಲೇ ನಿಶ್ಚಯವಾಗಿದ್ದರೆ ಅಲ್ಲಿ ಯಾರೂ ಏನೂ ಕೆಲಸ ಮಾಡುತ್ತಿಲ್ಲವೆಂದು ಭಾವಿಸಿದರು. ಫಲಿತಾಂಶ ನಿಶ್ಚಯವಾಗಿರುವ ಕಾರಣದಿಂದಲೇ ಅಲ್ಲಿ ಸೋಲುವುದೂ ಒಂದು ಕಸುಬಾಗಿದೆ, ಆ ಕಸುಬಿನಲ್ಲಿ ನುರಿತವರಿಲ್ಲದೆ ಹೋಗನ್ ಅಂಥವರು ಹುಟ್ಟುತ್ತಲೇ ಇರಲಿಲ್ಲ ಎಂಬ ಸಂಗತಿಯನ್ನು, ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದ ಬ್ಯಾರಿ ಹೊರೊವಿಟ್ಜ್ ಎಂಬ ಕುಸ್ತಿಪಟುವಿನ ವೃತ್ತಿಜೀವನದ ಮೂಲಕ ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾದರೆ ತಾವು ಮನ್ನಿಸಬೇಕು.

ಹೋಗನ್ ಮತ್ತು ಹೊರೊವಿಟ್ಜ್ ಇಬ್ಬರ ಊರುಗಳೂ ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯ ಎದುರುಬದುರು ದಡಗಳಲ್ಲಿವೆ. ಹೋಗನ್ ಬೆಳೆದದ್ದು ಟ್ಯಾಂಪಾದಲ್ಲಿ. ಹೊರೊವಿಟ್ಜ್ 1959ರಲ್ಲಿ ಹುಟ್ಟಿದ್ದು ಕೊಲ್ಲಿಯ ಆಚೆಗಿನ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಹೋಗನ್ 1977ರಲ್ಲಿ ರಿಂಗಿಗೆ ಇಳಿದರೆ ಹೊರೊವಿಟ್ಜ್ ಇಳಿದದ್ದು 1979ರಲ್ಲಿ. ಹೋಗನ್ ಅವರಿಗಿದ್ದ ಎತ್ತರವಾಗಲಿ, ಸಾವಿರ ಜನರ ನಡುವೆಯೂ ಎದ್ದು ಕಾಣುವ ಮೈಕಟ್ಟಾಗಲಿ ಹೊರೊವಿಟ್ಜ್ ಅವರಿಗಿರಲಿಲ್ಲ. ಇದ್ದದ್ದು ಪಟ್ಟುಗಳ ಮೇಲಿನ ಹಿಡಿತ ಮತ್ತು ಒಳ್ಳೆಯ ಗುರು. ಆ ಗುರು ಬೋರಿಸ್ ಮಲೆಂಕೊ, ರಿಂಗಿನಲ್ಲಿ ರಷ್ಯದ ಖಳನಾಗಿ ಜನರ ಬೈಗುಳ ತಿಂದು ಹೆಸರಾದವರು. ನಿಜದಲ್ಲಿ ಅವರು ನ್ಯೂಜೆರ್ಸಿಯ ಯಹೂದಿ. ಅವರ ಹೆಸರು ಲ್ಯಾರಿ ಸೈಮನ್. ನಿವೃತ್ತರಾದ ಮೇಲೆ ಟ್ಯಾಂಪಾದಲ್ಲಿ ಹುಡುಗರಿಗೆ ಕುಸ್ತಿ ಕಲಿಸುತ್ತಿದ್ದರು. ಗುರು ತನ್ನ ಹುಟ್ಟಿದ ಹೆಸರನ್ನು ಮರೆಮಾಡಿ ಬದುಕು ಕಟ್ಟಿಕೊಂಡರೆ, ಶಿಷ್ಯ ಆರಂಭದ ವರ್ಷಗಳಲ್ಲಿ ಜಾಕ್ ಹಾರ್ಟ್ ಎಂಬ ಹೆಸರಿನಲ್ಲಿ ಕಾದಾಡಿದರೂ ಬಳಿಕ ತನ್ನ ಯಹೂದಿ ಹೆಸರನ್ನೇ ಇಟ್ಟುಕೊಂಡು ಸೋತರು. ಆ ದಂಧೆಯಲ್ಲಿ ಇದು ಸಣ್ಣ ಮಾತಲ್ಲವೆಂದು ನನ್ನ ಅಭಿಪ್ರಾಯ.

ಹೊರೊವಿಟ್ಜ್ ವೃತ್ತಿಗೆ ಬಂದ ಕಾಲದಲ್ಲಿ ಅಮೆರಿಕದ ಕುಸ್ತಿ ಒಂದೇ ಕಂಪನಿಯ ಹಿಡಿತದಲ್ಲಿ ಇರಲಿಲ್ಲ. ದೇಶವನ್ನು ಇಪ್ಪತ್ತಕ್ಕೂ ಹೆಚ್ಚು ಸೀಮೆಗಳಾಗಿ ಹಂಚಿಕೊಂಡಿದ್ದ ಪ್ರವರ್ತಕರು 1948ರಲ್ಲಿ ಅಯೋವಾ ರಾಜ್ಯದಲ್ಲಿ ಹುಟ್ಟಿಕೊಂಡ ಒಕ್ಕೂಟವೊಂದರ ಅಡಿಯಲ್ಲಿ, ಒಬ್ಬರ ಸೀಮೆಗೆ ಇನ್ನೊಬ್ಬರು ಕಾಲಿಡದಂತೆ ಒಪ್ಪಂದ ಮಾಡಿಕೊಂಡು ವ್ಯವಹಾರ ನಡೆಸುತ್ತಿದ್ದರು. ಸಾಮಾನ್ಯ ಕುಸ್ತಿಪಟುವಿಗೆ ಈ ವ್ಯವಸ್ಥೆಯಲ್ಲಿ ಒಂದು ಅನುಕೂಲವಿತ್ತು. ಫ್ಲಾರಿಡಾದಲ್ಲಿ ಆರು ತಿಂಗಳು ಸೋತವನು ಕಾರಿನಲ್ಲಿ ಚೀಲ ತುಂಬಿಕೊಂಡು ಟೆನೆಸ್ಸಿಗೋ ಟೆಕ್ಸಸ್‌ಗೋ ಹೋದರೆ ಅಲ್ಲಿಯ ಜನಕ್ಕೆ ಅವನ ಸೋಲುಗಳ ಸುದ್ದಿ ತಿಳಿದಿರುತ್ತಿರಲಿಲ್ಲ. ಅಲ್ಲಿ ಅವನು ಹೊಸ ಹೆಸರು ಹೊತ್ತು ಒಂದಿಷ್ಟು ಕಾಲ ಗೆಲ್ಲಬಹುದಿತ್ತು. 1982ರಲ್ಲಿ ತಂದೆಯ ಕಂಪನಿಯನ್ನು ಕೊಂಡ ವಿನ್ಸ್ ಮೆಕ್‌ಮಹನ್ ಈ ಒಪ್ಪಂದವನ್ನು ಮುರಿದು, ಹೋಗನ್ ಅವರನ್ನು ಮುಂದಿಟ್ಟುಕೊಂಡು ಡಬ್ಲ್ಯುಡಬ್ಲ್ಯುಎಫ್ (ವರ್ಲ್ಡ್ ರೆಸ್ಲಿಂಗ್ ಫೆಡರೇಶನ್) ಎಂಬ ಆ ಕಂಪನಿಯನ್ನು ಇಡೀ ದೇಶಕ್ಕೆ ವಿಸ್ತರಿಸಿದಾಗ ಸೀಮೆಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. 1987ರಲ್ಲಿ ಹೊರೊವಿಟ್ಜ್ ಡಬ್ಲ್ಯುಡಬ್ಲ್ಯುಎಫ್ ಸೇರುವ ಹೊತ್ತಿಗೆ ಟೀವಿಯಲ್ಲಿ ಒಮ್ಮೆ ಸೋತರೆ ಇಡೀ ಅಮೆರಿಕದಲ್ಲಿ ಸೋತಂತೆ ಆಗುತ್ತಿತ್ತು, ಸ್ವಲ್ಪ ಕಾಲದಲ್ಲಿ ನಮ್ಮಂಥ ದೇಶಗಳಲ್ಲಿಯೂ. ಹೋಗನ್ ಬಗೆಗಿನ ಲೇಖನಗಳೆಲ್ಲ ಕುಸ್ತಿಯ ವಿಸ್ತರಣೆ ಎಂದು ಹೊಗಳುವ ಈ ಘಟ್ಟ, ಹೊರೊವಿಟ್ಜ್ ಅಂಥವರ ಪಾಲಿಗೆ ಏಣಿಯನ್ನೇ ತೆಗೆದುಹಾಕಿದ ಘಟ್ಟ.

ಇನ್ನು ಕೆಲಸದ ಸ್ವರೂಪ. ನಮ್ಮೂರು ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿಯಲ್ಲಿ ಜೋಡಿ ಕಟ್ಟುವಾಗ ಹಿರಿಯರು ತೂಕ, ವಯಸ್ಸು, ಅನುಭವ ಎಲ್ಲವನ್ನೂ ಅಳೆದು ನೋಡುತ್ತಾರೆ; ಜೋಡಿ ಸರಿಯಿಲ್ಲವೆಂದು ಕಂಡರೆ ಸುತ್ತ ಕೂತವರು ಕೂಗಾಡುತ್ತಾರೆ. ಅಮೆರಿಕದ ಟೀವಿ ಕುಸ್ತಿಯಲ್ಲಿ ಜೋಡಿ ಸರಿಯಿಲ್ಲದಿರುವುದೇ ಉದ್ದೇಶ. ಎಂಬತ್ತರ ದಶಕದಲ್ಲಿ ಡಬ್ಲ್ಯುಡಬ್ಲ್ಯುಎಫ್‌ನ ವಾರದ ಕಾರ್ಯಕ್ರಮಗಳು ನಿಜವಾಗಿ ಜಾಹೀರಾತುಗಳಾಗಿದ್ದವು. ತಾರೆಯೊಬ್ಬ ಬಂದು ಎರಡು ಮೂರು ನಿಮಿಷದಲ್ಲಿ ಹೆಸರಿಲ್ಲದ ಎದುರಾಳಿಯನ್ನು ನೆಲಕ್ಕೆ ಕೆಡವುತ್ತಾನೆ, ಆಮೇಲೆ ಕ್ಯಾಮೆರಾದ ಮುಂದೆ ನಿಂತು ಮುಂದಿನ ವಾರ ನಿಮ್ಮ ಊರಿಗೆ ಬಂದು ಇಂಥವನನ್ನು ಎದುರಿಸುತ್ತೇನೆಂದು ಅಬ್ಬರಿಸುತ್ತಾನೆ. ಇಬ್ಬರು ತಾರೆಗಳ ಸೆಣಸನ್ನು ನೋಡಬೇಕಾದರೆ ಟಿಕೆಟ್ ಕೊಳ್ಳಬೇಕು. ಟೀವಿಯಲ್ಲಿ ತಾರೆಯ ಎದುರು ತಾರೆಯನ್ನು ಬಿಟ್ಟಿಯಾಗಿ ತೋರಿಸಿಬಿಟ್ಟರೆ ಟಿಕೆಟ್ ಕೊಳ್ಳುವವರಾರು? ಆದ್ದರಿಂದ ಪ್ರತಿ ವಾರವೂ ಸೋಲಲು ಜನ ಬೇಕಾಗಿದ್ದರು, ಅವರನ್ನು ದಂಧೆಯಲ್ಲಿ ಜಾಬರ್ ಎಂದು ಕರೆಯುತ್ತಿದ್ದರು. ಕೆಲವರು ಆಯಾ ಊರಿನಲ್ಲಿ ದಿನಗೂಲಿಗೆ ಸಿಕ್ಕ ಎಳೆಯರು. ಇನ್ನು ಕೆಲವರು ಹೊರೊವಿಟ್ಜ್, ಸ್ಟೀವ್ ಲೊಂಬಾರ್ಡಿ, ಆಂಟಿಗಾ ಮೂಲದ ಎಸ್.ಡಿ. ಜೋನ್ಸ್ ಅವರಂತೆ ಕಂಪನಿಯ ಜೊತೆಯೇ ಊರೂರು ತಿರುಗುತ್ತಿದ್ದ ಅನುಭವಸ್ಥರು.

ಈ ಅನುಭವಸ್ಥರ ಕೈಗೆ ಕಂಪನಿ ಒಪ್ಪಿಸುತ್ತಿದ್ದ ಜವಾಬ್ದಾರಿ ದೊಡ್ಡದು. ಹೊಸದಾಗಿ ಬಂದ ನೂರೈವತ್ತು ಕಿಲೋ ತೂಕದ ದೈತ್ಯನಿಗೆ ಬೆನ್ನಿನ ಮೇಲೆ ಎತ್ತುವುದು ಹೇಗೆ, ಇಳಿಸುವುದು ಹೇಗೆ ಎಂಬುದೇ ಸರಿಯಾಗಿ ತಿಳಿದಿರುವುದಿಲ್ಲ. ಅವನ ಕೈಯಲ್ಲಿ ತನ್ನ ಕುತ್ತಿಗೆಯನ್ನು ಒಪ್ಪಿಸಿ, ಅವನು ಎತ್ತುವ ಕ್ಷಣಕ್ಕೆ ಸರಿಯಾಗಿ ತಾನೇ ಮೇಲಕ್ಕೆ ಜಿಗಿದು ಅವನ ಅರ್ಧ ಭಾರ ಕಡಿಮೆ ಮಾಡಿ, ಗಾಳಿಯಲ್ಲಿ ಮೈಯನ್ನು ತಾನೇ ತಿರುಗಿಸಿಕೊಂಡು, ಗದ್ದವನ್ನು ಎದೆಗೆ ಒತ್ತಿ, ತಲೆ ಹಿಂದಕ್ಕೆ ಬಡಿಯದಂತೆ ಭುಜದೆಲುಬುಗಳ ಮಟ್ಟದಲ್ಲಿ ಚಪ್ಪಟೆಯಾಗಿ ಬೀಳಬೇಕು. ಬೀಳುವಾಗ ಉಸಿರು ಹೊರಗೆ ಬಿಟ್ಟಿರಬೇಕು, ಎರಡೂ ಅಂಗೈ ಒಟ್ಟಿಗೆ ನೆಲಕ್ಕೆ ಬಡಿಯಬೇಕು. ರಿಂಗಿನ ನೆಲ ಹಾಸಿಗೆಯೇನಲ್ಲ. ಉಕ್ಕಿನ ತೊಲೆಗಳ ಮೇಲೆ ಮರದ ಹಲಗೆ, ಅದರ ಮೇಲೆ ತೆಳುವಾದ ಒಂದು ಫೋಮ್ ಪದರ, ಮೇಲೊಂದು ಕ್ಯಾನ್ವಾಸ್, ಇಷ್ಟೇ. ಇಷ್ಟೆಲ್ಲ ಮಾಡಿಯೂ ನೋಡುವವರಿಗೆ ಕಾಣಬೇಕಾದದ್ದು ಎತ್ತಿ ಒಗೆದವನ ಬಲ ಮಾತ್ರ. ಸೋತವನ ಕೌಶಲ ಕಣ್ಣಿಗೆ ಬಿದ್ದರೆ ಕೆಲಸ ಕೆಟ್ಟಿತೆಂದೇ ಅರ್ಥ. ಸೋಲುವವನಿಗೆ ಇಂಥ ಅಪಾಯಗಳಿಂದ ರಕ್ಷಣೆಯೂ ಇರಲಿಲ್ಲ. ಮುಂದೆ ಜಗತ್ಪ್ರಸಿದ್ಧರಾದ ಮಿಕ್ ಫೋಲಿ 1986ರಲ್ಲಿ ಹೀಗೆ ಸೋಲಲು ಬಂದ ಹುಡುಗನಾಗಿದ್ದಾಗ ಡೈನಮೈಟ್ ಕಿಡ್ ಎಂಬ ತಾರೆ ಕೊಟ್ಟ ಹೊಡೆತಕ್ಕೆ ದವಡೆಗೆ ಪೆಟ್ಟಾಗಿ ವಾರಗಟ್ಟಲೆ ಗಟ್ಟಿ ಆಹಾರ ತಿನ್ನಲಾಗದೆ ನರಳಿದ್ದನ್ನು ತಾವೇ ಬರೆದುಕೊಂಡಿದ್ದಾರೆ.

ತಮ್ಮ ಲೇಖನದ ಒಂದು ವಾಕ್ಯವನ್ನು ಇಲ್ಲಿ ತಿದ್ದುವುದು ಅಗತ್ಯ. 1987ರ ಮಾರ್ಚ್ 29ರಂದು ಪಾಂಟಿಯಾಕ್ ನಗರದ ಸಿಲ್ವರ್‌ಡೋಮ್ ಕ್ರೀಡಾಂಗಣದಲ್ಲಿ ಹೋಗನ್ ‘ತೋಳ್ಬಲದಿಂದ’ ದೈತ್ಯದೇಹಿ ಕುಸ್ತಿಪಟು ಆಂಡ್ರೆ ದಿ ಜಯಂಟ್ ಅವರನ್ನು ಎತ್ತಿ ಒಗೆದರೆಂದು ಅದರಲ್ಲಿದೆ. ಹಿಂದಿನ ವರ್ಷವಷ್ಟೇ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಉಡುಪಿನ ಒಳಗೆ ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ರಿಂಗಿಗೆ ಬಂದಿದ್ದ ಆಂಡ್ರೆ, ತಾನು ಎತ್ತಿಸಿಕೊಳ್ಳಲು ಒಪ್ಪದೆ ಇದ್ದಿದ್ದರೆ ಅವರನ್ನು ಕದಲಿಸಲು ಯಾವ ತೋಳಿಗೂ ಸಾಧ್ಯವಾಗುತ್ತಿರಲಿಲ್ಲ. ಹೋಗನ್ ಅವರ ಬದುಕಿನ ಅತಿ ದೊಡ್ಡ ಕ್ಷಣ ಹೀಗೆ ಆಂಡ್ರೆ ನೋವು ತಿಂದು ಕೊಟ್ಟದ್ದು. ಆಂಡ್ರೆಯವರಿಗೆ ಆದರೂ ಹೆಸರು ಉಳಿಯಿತು. 1985ರ ಮಾರ್ಚ್ 31ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ, ಕಂಪನಿಯ ವಾರ್ಷಿಕ ಮಹಾಪ್ರದರ್ಶನವಾದ ರೆಸಲ್‌ಮೇನಿಯಾದ ಮೊದಲ ಆವೃತ್ತಿಯಲ್ಲಿ ಕಿಂಗ್ ಕಾಂಗ್ ಬಂಡಿಗೆ ಸೋತ ಎಸ್.ಡಿ. ಜೋನ್ಸ್ ಅವರದ್ದು ಇನ್ನೂ ವಿಚಿತ್ರ ಗತಿ. ಪಂದ್ಯ ಒಂಬತ್ತು ಸೆಕೆಂಡಿನಲ್ಲಿ ಮುಗಿಯಿತೆಂದು ಕಂಪನಿ ಘೋಷಿಸಿತು. ದೃಶ್ಯ ನೋಡುತ್ತ ಗಡಿಯಾರ ಹಿಡಿದರೆ ಇಪ್ಪತ್ತು ಸೆಕೆಂಡು ದಾಟುತ್ತದೆ. ಸೋಲು ಸಾಲದೆಂದು ಸೋತವನು ನಿಂತಿದ್ದ ಹೊತ್ತಿನಲ್ಲೂ ಅರ್ಧಕ್ಕಿಂತ ಹೆಚ್ಚು ಕಡಿತ ಮಾಡಿದರು.

ಹೊರೊವಿಟ್ಜ್ ಈ ಚೌಕಟ್ಟಿನೊಳಗೇ ತಮ್ಮದೊಂದು ಸಣ್ಣ ಗುರುತು ಮಾಡಿಕೊಂಡರು. ಪಂದ್ಯದ ನಡುವೆ ಒಂದು ಪಟ್ಟು ಚೆನ್ನಾಗಿ ಬಿದ್ದರೆ ಬಲಗೈಯನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿ, ಮುಖದಲ್ಲಿ ಗಂಭೀರ ತೃಪ್ತಿ ತಂದುಕೊಂಡು, ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳುತ್ತಿದ್ದರು. ತೊಟ್ಟು ಬರುತ್ತಿದ್ದ ಅಂಗಿಯ ಬೆನ್ನಿನ ಮೇಲೂ ಒಂದು ಹಸ್ತದ ಗುರುತು ಅಚ್ಚಾಗಿತ್ತು. ಅರ್ಧ ನಿಮಿಷದ ಬಳಿಕ ತಾರೆಯ ಏಟಿಗೆ ಚಿತ್ತಾಗುವುದು ಖಚಿತವಾದ್ದರಿಂದ ಈ ಆಟ ಎರಡು ಕೆಲಸ ಮಾಡುತ್ತಿತ್ತು: ಜನಕ್ಕೆ ನಗು, ಮುಂದೆ ಬೀಳುವ ಏಟಿಗೆ ತೂಕ. ತೊಂಬತ್ತರ ದಶಕದಲ್ಲಿ ಕೇಬಲ್ ಬಂದ ಹೊಸತರಲ್ಲಿ ಪ್ರೈಮ್ ಸ್ಪೋರ್ಟ್ಸ್ ವಾಹಿನಿಯಲ್ಲಿ ಇದನ್ನು ನೋಡಿದ ನಮ್ಮ ಓಣಿಯ ಹುಡುಗರು ಗೋಲಿಯಾಟದಲ್ಲಿ ಗುರಿ ತಾಗಿದಾಗಲೆಲ್ಲ ಹಾಗೆಯೇ ಬೆನ್ನು ತಟ್ಟಿಕೊಳ್ಳುತ್ತಿದ್ದರು. ಆದರೆ ಆ ಮನುಷ್ಯನ ಹೆಸರು ನಮಗಾರಿಗೂ ಬಾಯಿಗೆ ಬರುತ್ತಿರಲಿಲ್ಲ. ಕೈಯಲ್ಲಿದ್ದ ಟ್ರಂಪ್ ಕಾರ್ಡಿನ ಕಟ್ಟಿನಲ್ಲಿ ಎತ್ತರ, ತೂಕ, ಎದೆಯ ಸುತ್ತಳತೆ, ಗೆದ್ದ ಪಂದ್ಯಗಳ ಲೆಕ್ಕ ಎಲ್ಲವೂ ಅಚ್ಚಾಗಿದ್ದ ಕಾರ್ಡುಗಳು ಗೆದ್ದವರವು.

1995ರ ಜುಲೈ 9ರಂದು ಬಿತ್ತರವಾದ ಪಂದ್ಯದಲ್ಲಿ ಹೊರೊವಿಟ್ಜ್ ಅವರ ಎದುರಾಳಿ ಸ್ಕಿಪ್. ಪ್ರೇಕ್ಷಕರ ಬೊಜ್ಜನ್ನು ಹೀಯಾಳಿಸುವ, ದೇಹದಾರ್ಢ್ಯದ ಗರ್ವದಲ್ಲಿ ಮೆರೆಯುವ ಪಾತ್ರವದು. ಅದನ್ನು ವಹಿಸಿದ್ದವರು ಕ್ರಿಸ್ ಕ್ಯಾಂಡಿಡೊ ಎಂಬ ಬಹಳ ಪ್ರತಿಭಾವಂತ ಯುವಕ. ಆಗಷ್ಟೇ ಕಂಪನಿಗೆ ಬಂದಿದ್ದ ಸ್ಕಿಪ್ ಎಂದಿನ ಲೆಕ್ಕದಲ್ಲಿ ಗೆಲ್ಲಬೇಕಿತ್ತು. ಬದಲಿಗೆ ಹೊರೊವಿಟ್ಜ್ ಅವರು ಮೈಮರೆತಿದ್ದ ಸ್ಕಿಪ್‌ನ ಭುಜಗಳನ್ನು ನೆಲಕ್ಕೆ ಒತ್ತಿ ಹಿಡಿದರು, ರೆಫರಿ ಮೂರು ಎಣಿಸಿದರು. ವೀಕ್ಷಕ ವಿವರಣೆ ಕೊಡುತ್ತಿದ್ದ ಜಿಮ್ ರಾಸ್, ಹೊರೊವಿಟ್ಜ್ ಗೆದ್ದ, ಹೊರೊವಿಟ್ಜ್ ಗೆದ್ದ ಎಂದು ಮತ್ತೆ ಮತ್ತೆ ಕೂಗಿದರು. ಟೀವಿಯಲ್ಲಿ ವರ್ಷಗಟ್ಟಲೆ ಇದೇ ಮನುಷ್ಯ ಸೋಲುವುದನ್ನು ಜನ ನೋಡಿದ್ದರಿಂದ ಆ ಕೂಗಿಗೆ ಅರ್ಥ ಬಂತು. ಅಂದರೆ, ಕಂಪನಿ ಒಂದು ಪೈಸೆ ಖರ್ಚು ಮಾಡದೆ, ಹೊರೊವಿಟ್ಜ್ ತಮ್ಮ ಮೈಮೇಲೆ ವರ್ಷಗಳಿಂದ ಕೂಡಿಟ್ಟ ಸೋಲುಗಳನ್ನೇ ಬಂಡವಾಳ ಮಾಡಿಕೊಂಡು ಒಂದು ಕಥೆಯನ್ನು ಮಾರಿತು.

ಅದೇ ವರ್ಷದ ಆಗಸ್ಟ್ 27ರಂದು ಪಿಟ್ಸ್‌ಬರ್ಗ್‌ನಲ್ಲಿ ನಡೆದ, ಕಂಪನಿಯ ಇನ್ನೊಂದು ದೊಡ್ಡ ಪ್ರದರ್ಶನವಾದ ಸಮ್ಮರ್‌ಸ್ಲ್ಯಾಮ್‌ನಲ್ಲಿ ಅವರು ಸ್ಕಿಪ್‌ನನ್ನು ಮತ್ತೊಮ್ಮೆ ಸೋಲಿಸಿದರು. ಜಪಾನಿನ ಕುಸ್ತಿಪಟು ಹಕುಶಿ ನಡುವೆ ಬಂದು ಸ್ಕಿಪ್‌ನ ಗಮನ ತಪ್ಪಿಸಿದ್ದು ಗೆಲುವಿಗೆ ದಾರಿಯಾಯಿತು, ಆಮೇಲೆ ಇಬ್ಬರೂ ಜೋಡಿಯಾದರು. ರಿಂಗಿಗೆ ಬರುವಾಗ ಯಹೂದಿಗಳ ಮದುವೆ ಮನೆಗಳಲ್ಲಿ ಕೇಳಿಬರುವ ಹವಾ ನಗೀಲಾ ರಾಗವನ್ನು ಅವರಿಗೆ ಹಾಕಿದರು. ಅಷ್ಟು ವರ್ಷ ಜೊತೆಯಲ್ಲಿದ್ದ ನೌಕರನಿಗೆ ಒಂದು ವ್ಯಕ್ತಿತ್ವ ಕೊಡಬೇಕಾಗಿ ಬಂದಾಗ ಅವರ ಜಾತಿಯೊಂದನ್ನು ಬಿಟ್ಟು ಬೇರೇನೂ ಹೊಳೆಯದಿದ್ದ ಕಂಪನಿಯ ಕಲ್ಪನಾದಾರಿದ್ರ್ಯವನ್ನು ಕುರಿತು ಹೆಚ್ಚು ಹೇಳಲಾರೆ. ನವೆಂಬರಿನ ಸರ್ವೈವರ್ ಸೀರೀಸ್‌ನಲ್ಲಿ ಅವರನ್ನು ನಾಲ್ವರು ದುರ್ಬಲರ ತಂಡವೊಂದಕ್ಕೆ ಸೇರಿಸಲಾಯಿತು, ಆ ತಂಡ ಸೋತಿತು. ಎದುರು ತಂಡದಲ್ಲಿ ಕೊನೆಗೆ ಉಳಿದು ಗೆದ್ದ ಶಾನ್ ವಾಲ್ಟ್‌ಮನ್ ಕೂಡ ಮಲೆಂಕೊ ಅವರ ಶಿಷ್ಯರೇ. 1993ರ ಮೇ ತಿಂಗಳಲ್ಲಿ ರೇಜರ್ ರಮೋನ್ ಎಂಬ ತಾರೆಯನ್ನು ಇದೇ ರೀತಿ ಅನಿರೀಕ್ಷಿತವಾಗಿ ಮಣಿಸಿ ತಾರೆಯಾದವರು. ಆಗ ಇಪ್ಪತ್ತರ ಹರೆಯದಲ್ಲಿದ್ದ ವಾಲ್ಟ್‌ಮನ್‌ಗೆ ಒಂದು ಗೆಲುವು ಬಾಗಿಲು ತೆರೆದರೆ, ಮೂವತ್ತಾರು ದಾಟಿದ್ದ ಹೊರೊವಿಟ್ಜ್‌ಗೆ ಅದು ಕೆಲವು ತಿಂಗಳ ಸಂಭ್ರಮವಾಗಿ ಮುಗಿಯಿತು. ಇಬ್ಬರಿಗೂ ವಿದ್ಯೆ ಕೊಟ್ಟ ಮಲೆಂಕೊ 1994ರಲ್ಲೇ ತೀರಿಕೊಂಡಿದ್ದರು.

ಅದೇ ಹೊತ್ತಿಗೆ ಈ ಕಸುಬಿನ ಬುಡವೇ ಅಲುಗಾಡಿತ್ತು. 1995ರ ಸೆಪ್ಟೆಂಬರ್ 4ರಿಂದ ಪ್ರತಿಸ್ಪರ್ಧಿ ಕಂಪನಿ ಡಬ್ಲ್ಯುಸಿಡಬ್ಲ್ಯು ಸೋಮವಾರ ರಾತ್ರಿ ತನ್ನ ಕಾರ್ಯಕ್ರಮವನ್ನು ನೇರಪ್ರಸಾರ ಮಾಡತೊಡಗಿತು. ಎರಡು ವಾಹಿನಿಗಳು ಒಂದೇ ಗಂಟೆಯಲ್ಲಿ ಪ್ರೇಕ್ಷಕನಿಗಾಗಿ ಎಳೆದಾಡತೊಡಗಿದ ಮೇಲೆ ಪ್ರತಿ ವಾರವೂ ತಾರೆಯ ಎದುರು ತಾರೆಯನ್ನೇ ನಿಲ್ಲಿಸಬೇಕಾಯಿತು. ಎರಡು ನಿಮಿಷ ಸೋಲುವವನನ್ನು ತೋರಿಸಿದರೆ ಅಷ್ಟರಲ್ಲಿ ಜನ ಚಾನೆಲ್ ಬದಲಿಸುತ್ತಿದ್ದರು. ಹೊರೊವಿಟ್ಜ್ ಬಳಿಕ ಅದೇ ಡಬ್ಲ್ಯುಸಿಡಬ್ಲ್ಯುಗೆ ಹೋಗಿ ಅಲ್ಲಿಯ ಕೆಳಹಂತದ ಕಾರ್ಯಕ್ರಮಗಳಲ್ಲಿ ಕೆಲಸ ಮಾಡಿದರು. 2001ರಲ್ಲಿ ಆ ಕಂಪನಿಯನ್ನೂ ಮೆಕ್‌ಮಹನ್ ಕೊಂಡುಕೊಂಡರು.

‘ನಾಟಕ’ ಎಂದು ಮೂಗು ಮುರಿದ ಓದುಗರಿಗೆ ಒಂದು ಮಾತು. 1989ರಲ್ಲಿ ನ್ಯೂಜೆರ್ಸಿ ರಾಜ್ಯದಲ್ಲಿ ಕ್ರೀಡಾ ಆಯೋಗದ ನಿಯಂತ್ರಣದಿಂದ ತಪ್ಪಿಸಿಕೊಳ್ಳಲು ಸ್ವತಃ ಡಬ್ಲ್ಯುಡಬ್ಲ್ಯುಎಫ್, ತಾನು ನಡೆಸುವುದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿದೆ. ಇದು ಗುಟ್ಟಾಗಿ ಉಳಿದಿಲ್ಲ. ಆದರೆ ಮನರಂಜನೆಯೆಂದು ಒಪ್ಪಿಕೊಂಡ ಕಂಪನಿ, ಅಮೆರಿಕದ ಸಿನಿಮಾ ಮತ್ತು ರಂಗಭೂಮಿಯ ಕಲಾವಿದರಿಗೆ ಇರುವ ಕಾರ್ಮಿಕ ಸಂಘವನ್ನಾಗಲಿ, ಅವುಗಳ ಮೂಲಕ ಸಿಗುವ ಆರೋಗ್ಯ ವಿಮೆ, ಪಿಂಚಣಿಗಳನ್ನಾಗಲಿ ತನ್ನ ಕುಸ್ತಿಪಟುಗಳಿಗೆ ಒದಗಿಸಲಿಲ್ಲ. ಅವರು ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು ಎಂಬುದು ಅದರ ವಾದ. ಆ ಕಾಲದಲ್ಲಿ ಹೋಟೆಲು, ಊಟ, ಬಾಡಿಗೆ ಕಾರು ಎಲ್ಲವೂ ಕುಸ್ತಿಪಟುವಿನ ಜೇಬಿನಿಂದಲೇ. ಎಲ್ಲಿ, ಯಾವಾಗ, ಯಾರೆದುರು, ಎಷ್ಟು ನಿಮಿಷಕ್ಕೆ ಬೀಳಬೇಕೆಂದು ಹೇಳುವುದು ಮಾತ್ರ ಕಂಪನಿ. ತಾರೆಗೆ ಗೇಟಿನ ವಸೂಲಿಯಲ್ಲಿ, ಬೊಂಬೆ, ಅಂಗಿಗಳ ಮಾರಾಟದಲ್ಲಿ ಪಾಲು ಬರುತ್ತಿದ್ದುದರಿಂದ ಈ ಖರ್ಚು ನಡೆದುಹೋಗುತ್ತಿತ್ತು; ಬೊಂಬೆಯಾಗದ ಕುಸ್ತಿಪಟುವಿಗೆ ಅದು ಸಂಪಾದನೆಯನ್ನೇ ತಿಂದುಹಾಕುತ್ತಿತ್ತು. 2008ರಲ್ಲಿ ಸ್ಕಾಟ್ ಲೆವಿ, ಕ್ರಿಸ್ ಕ್ಯಾನಿಯನ್, ಮೈಕ್ ಸ್ಯಾಂಡರ್ಸ್ ಎಂಬ ಮೂವರು ಈ ವ್ಯವಸ್ಥೆಯನ್ನು ಕನೆಕ್ಟಿಕಟ್‌ನ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಕಾಲಮಿತಿ ಮೀರಿದೆ ಎಂಬ ಕಾರಣದಿಂದ ದಾವೆ ಮರುವರ್ಷ ವಜಾ ಆಯಿತು. ಗುತ್ತಿಗೆದಾರರು ಹೌದೋ ಅಲ್ಲವೋ ಎಂಬ ಮೂಲ ಪ್ರಶ್ನೆಗೆ ಅಲ್ಲಿ ಉತ್ತರ ಸಿಗಲೇ ಇಲ್ಲ. ರಿಂಗಿನಲ್ಲಾಗುವ ಗಾಯಗಳ ಚಿಕಿತ್ಸೆಯ ವೆಚ್ಚವನ್ನು ಈಗ ಡಬ್ಲ್ಯುಡಬ್ಲ್ಯುಇ ಎಂಬ ಹೆಸರಿನಲ್ಲಿರುವ ಅದೇ ಕಂಪನಿ ಭರಿಸುತ್ತದೆಂಬುದನ್ನು ನ್ಯಾಯವಾಗಿ ಹೇಳಬೇಕು. ಸಂಘ ಮಾತ್ರ ಇಂದಿಗೂ ಇಲ್ಲ.

ಸಂಘ ಕಟ್ಟುವ ಪ್ರಯತ್ನ ನಡೆದೇ ಇಲ್ಲವೆಂದಲ್ಲ. ಮುಂದೆ ಮಿನೆಸೋಟಾ ರಾಜ್ಯದ ಗವರ್ನರ್ ಆದ ಜೆಸ್ಸಿ ವೆಂಚುರಾ, 1986ರಲ್ಲಿ ಎರಡನೆಯ ರೆಸಲ್‌ಮೇನಿಯಾದ ಹೊಸ್ತಿಲಲ್ಲಿ, ಕಂಪನಿಗೆ ನಮ್ಮ ಅಗತ್ಯ ಅತಿ ಹೆಚ್ಚಿರುವ ಈ ಗಳಿಗೆಯಲ್ಲಿ ಒಗ್ಗೂಡೋಣ ಎಂದು ಡ್ರೆಸ್ಸಿಂಗ್ ರೂಮಿನಲ್ಲಿ ಸಹೋದ್ಯೋಗಿಗಳ ಮುಂದೆ ಮಾತೆತ್ತಿದರು. ಅದು ಬೇಗನೆ ಮೆಕ್‌ಮಹನ್ ಕಿವಿಗೆ ಬಿದ್ದು ಅಲ್ಲಿಗೇ ನಿಂತಿತು. ಸುದ್ದಿ ಮುಟ್ಟಿಸಿದವರು ಹೋಗನ್ ಎಂಬುದು, ತಾವು ರಾಯಧನಕ್ಕಾಗಿ ಹೂಡಿ ಗೆದ್ದ ಮೊಕದ್ದಮೆಯ ವಿಚಾರಣೆಯಲ್ಲಿ ಮೆಕ್‌ಮಹನ್ ಅವರ ಬಾಯಿಂದಲೇ ತಿಳಿಯಿತೆಂದು ವೆಂಚುರಾ ಅನೇಕ ಬಾರಿ ಹೇಳಿದ್ದಾರೆ. ಹೋಗನ್ ಕುರಿತ ಎರಡು ಪುಟದ ಶ್ರದ್ಧಾಂಜಲಿಯಲ್ಲಿ ಮೀಸೆ, ತಲೆಗೆ ಕಟ್ಟುತ್ತಿದ್ದ ಬಟ್ಟೆ, ಹರಿದುಕೊಳ್ಳುತ್ತಿದ್ದ ಹಳದಿ ಬನಿಯನು ಎಲ್ಲಕ್ಕೂ ಜಾಗ ಸಿಕ್ಕಿರುವಾಗ ಈ ಸಂಗತಿಗೆ ಒಂದು ಸಾಲು ಸಿಗಬಾರದಿತ್ತೇ? ಅಂದು ಸಂಘವಾಗಿದ್ದರೆ ಅದರಿಂದ ಅತಿ ಕಡಿಮೆ ಲಾಭ ಹೋಗನ್‌ಗೆ, ಅತಿ ಹೆಚ್ಚು ಲಾಭ ಮರುವರ್ಷ ಕಂಪನಿ ಸೇರಿದ ಹೊರೊವಿಟ್ಜ್ ಅಂಥವರಿಗೆ ಆಗುತ್ತಿತ್ತು.

ಕೊನೆಯದಾಗಿ, ಆಕ್ಷೇಪ ಎತ್ತಿದ ಓದುಗರು ಸಾಧ್ಯವಾದರೆ 1995ರ ಆ ಸಮ್ಮರ್‌ಸ್ಲ್ಯಾಮ್ ಪಂದ್ಯವನ್ನು ಒಮ್ಮೆ ನೋಡಬೇಕೆಂದು ಕೋರುತ್ತೇನೆ. ಗೆದ್ದ ಹೊರೊವಿಟ್ಜ್ ಅವರನ್ನು ಬಿಟ್ಟು ಸ್ಕಿಪ್ ಪಾತ್ರದ ಕ್ಯಾಂಡಿಡೊ ಅವರನ್ನೇ ಗಮನಿಸಲಿ. ಜಂಬ ಕೊಚ್ಚುತ್ತ ಬಂದವನು ಪಟ್ಟಿನಿಂದ ಪಟ್ಟಿಗೆ ಗಾಬರಿಯಾಗುವುದನ್ನು, ಎದುರಾಳಿಯ ಸಾಧಾರಣ ಏಟಿಗೂ ಇಡೀ ಮೈಯಿಂದ ಉತ್ತರ ಕೊಡುವುದನ್ನು ಅವರು ಎಷ್ಟು ಚೊಕ್ಕವಾಗಿ ಮಾಡಿದ್ದಾರೆಂದರೆ, ಹೊರೊವಿಟ್ಜ್ ಇತರರಿಗಾಗಿ ವರ್ಷಗಟ್ಟಲೆ ಮಾಡಿದ ಕೆಲಸವನ್ನು ಆ ರಾತ್ರಿ ಹೊರೊವಿಟ್ಜ್‌ಗಾಗಿ ಇನ್ನೊಬ್ಬರು ಮಾಡಿದರು. ಅದೇ ಕ್ಯಾಂಡಿಡೊ 2005ರ ಏಪ್ರಿಲ್ 24ರಂದು ಬೇರೊಂದು ಕಂಪನಿಯ ರಿಂಗಿನಲ್ಲಿ ಕಾಲು ಮುರಿದುಕೊಂಡು, ಶಸ್ತ್ರಚಿಕಿತ್ಸೆಯ ನಂತರದ ತೊಡಕಿನಿಂದ ನಾಲ್ಕೇ ದಿನಗಳಲ್ಲಿ, 33ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಂಥವರು ತೀರಿಕೊಂಡಾಗಲೂ ತಮ್ಮ ಕ್ರೀಡಾಪುಟದ ಮೂಲೆಯಲ್ಲಿ ನಾಲ್ಕು ಸಾಲು ಬರಲಿ ಎಂಬುದು ನನ್ನ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ದಾವಣಗೆರೆ